ಅಕ್ಕನ ಡಿಗ್ರಿ, ನಮ್ಮ ಸಾಲ

(ತಂಬ್ರಹಳ್ಳಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇವೆ.)



ಕರೆದವರು ಕವಿತೆ ಓದಿ ಅಂದಿದ್ದರು. ಇವತ್ತು ಕವಿತೆ ಓದುವುದಿಲ್ಲ. ಒಬ್ಬ ನರ್ಸಿನ ಬಗ್ಗೆ ಮಾತಾಡುತ್ತೇವೆ. ಆಕೆ ನಮ್ಮಕ್ಕ. ಇದೇ ಊರಿನ ಕೇರಿಯಲ್ಲಿ ಹುಟ್ಟಿದವಳು. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಡ್ಯೂಟಿ ಕಡೆ ತೊಂದರೆ ಆದೀತು. ಹೆಸರು ಬೇಕಾಗಿಯೂ ಇಲ್ಲ. ಇಲ್ಲಿ ಚಾಪೆ ಮೇಲೆ ಕೂತಿರುವ ನಿಮ್ಮಲ್ಲಿ ಎಷ್ಟೋ ಜನಕ್ಕೆ ಅಂಥ ಒಬ್ಬ ಅಕ್ಕ ಇದ್ದಾಳೆ. ನರ್ಸೋ, ಅಂಗನವಾಡಿಯೋ, ಗಾರ್ಮೆಂಟ್ಸೋ, ಅಂತೂ ಒಬ್ಬಳು ಇದ್ದಾಳೆ. ತಿಂಗಳಾದರೆ ದುಡ್ಡು ಕಳಿಸ್ತಾಳೆ. ನಾವು ಅದರಲ್ಲಿ ಫೀಸು ಕಟ್ಟುತ್ತೇವೆ, ಪುಸ್ತಕ ಕೊಳ್ಳುತ್ತೇವೆ, ಒಂದಿಷ್ಟು ಸಿನಿಮಾಕ್ಕೂ ಹೋಗುತ್ತೇವೆ. ಸುಳ್ಳು ಯಾಕೆ ಹೇಳಬೇಕು?

ನಾವು ಅಂದರೆ ಹಾಸ್ಟೆಲ್ ಅನ್ನ ಉಂಡು ಬಿ.ಎ. ಮಾಡಿದ ಇಬ್ಬರು ತಮ್ಮಂದಿರು. ಒಬ್ಬ ಕವಿತೆ ಬರೀತಾನೆ, ಇನ್ನೊಬ್ಬ ಅದನ್ನು ತಿದ್ದುತ್ತಾನೆ. ಇಬ್ಬರ ಡಿಗ್ರಿಯೂ ಅಕ್ಕನ ನೈಟ್ ಡ್ಯೂಟಿಯ ದುಡ್ಡಿನಲ್ಲಿ ಬಂದದ್ದು. ಆದರೆ ಮನೆಯಲ್ಲಿ ಡಿಗ್ರಿ ಇಲ್ಲದವಳು ಅಂದರೆ ಅವಳೇ.

ಹೋದ ವರ್ಷ ಅಕ್ಕ, "ತಮ್ಮಾ, ನಾನು ಬಿ.ಎಸ್ಸಿ. ಮಾಡ್ತೀನಿ" ಅಂದಾಗ ನಾವು ನಕ್ಕೆವು. ಹೌದು, ನಕ್ಕೆವು. ಅಂಬೇಡ್ಕರ್ ಓದಿದವರು, ಸಭೆಗಳಲ್ಲಿ ಹೆಣ್ಣುಮಕ್ಕಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು, ಮನೆಯಲ್ಲಿ ಕೂತು "ಈ ವಯಸ್ಸಿಗೆ ಯಾಕ ಬೇಕಕ್ಕಾ? ನೌಕರಿ ಐತಲ್ಲ" ಅಂದೆವು. ಅಕ್ಕ ಏನೂ ಅನ್ನಲಿಲ್ಲ. ರೊಟ್ಟಿ ತಟ್ಟುತ್ತಾ ಕೂತಿದ್ದಳು, ಹಂಗೇ ತಟ್ಟಿದಳು. ಆ ನಗೆ ಇವತ್ತಿಗೂ ನಮ್ಮ ಗಂಟಲಲ್ಲಿ ಮುಳ್ಳಾಗಿ ಕೂತಿದೆ. ಅದಕ್ಕೇ ಈ ಮಾತು.

ಮೊದಲು ನಮ್ಮ ಅಜ್ಜಿಯ ಸುದ್ದಿ. ಅಜ್ಜಿ ಸೂಲಗಿತ್ತಿ. ಊರಿಗೆಲ್ಲ ಅವಳೇ. ನಡುರಾತ್ರಿ ಮೇಲಿನ ಕೇರಿಯಿಂದ ಲಾಟೀನು ಹಿಡಿದುಕೊಂಡು ಆಳು ಬಂದರೆ ಎದ್ದು ಹೋಗಬೇಕು. ಬೇರೆ ದಿನ ಅಂಗಳದಲ್ಲೂ ನಿಲ್ಲಗೊಡದ ಮನೆಯ ಒಳಕೋಣೆಗೆ ಆ ರಾತ್ರಿ ಅಜ್ಜಿಗೆ ದಾರಿ ಬಿಡುತ್ತಿದ್ದರು. ಕೂಸು ಹೊರಗೆ ಬರುವ ತನಕ ಅಜ್ಜಿಯ ಕೈಗೆ ಮೈಲಿಗೆ ಇಲ್ಲ. ಹೊಕ್ಕಳ ಬಳ್ಳಿ ಕೊಯ್ದು, ಕಸ ಹೂತು, ಅಜ್ಜಿ ಹೊರಗೆ ಬಂದಳೋ, ಮನೆ ತೊಳೆಯೋರು. ಒಂದು ಮೊರ ಜೋಳ, ಒಂದು ಹಳೇ ಸೀರೆ. ಮುಗೀತು.

ಆ ಕೈಯಲ್ಲಿ ವಿದ್ಯೆ ಇತ್ತೋ ಇಲ್ಲವೋ? ಕೂಸು ಅಡ್ಡ ತಿರುಗಿದೆ ಅಂತ ಹೊಟ್ಟೆ ಮುಟ್ಟಿ ಹೇಳುವುದು ವಿದ್ಯೆ ಅಲ್ಲವೇ? ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರ ಹೆಸರು ನೀವೆಲ್ಲ ಕೇಳಿದ್ದೀರಿ. ಕೃಷ್ಣಾಪುರದವರು. ಸಾವಿರಾರು ಹೆರಿಗೆ ಮಾಡಿಸಿದ ತಾಯಿ, ಅಕ್ಷರ ಬಾರದವರು. ತುಮಕೂರು ವಿಶ್ವವಿದ್ಯಾನಿಲಯ 2014ರಲ್ಲಿ ಗೌರವ ಡಾಕ್ಟರೇಟು ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಡಾಕ್ಟರೇಟು ಬರುವ ಹೊತ್ತಿಗೆ ಅವರಿಗೆ ತೊಂಬತ್ತು ದಾಟಿತ್ತು. ನಮಗೆ ಸಂತೋಷವೇ. ಆದರೆ ಒಬ್ಬ ನರಸಮ್ಮನಿಗೆ ಸಿಕ್ಕಿದ್ದು ಮಿಕ್ಕ ಸೂಲಗಿತ್ತಿಯರಿಗೆ ಸಿಗಲಿಲ್ಲ. ನಮ್ಮಜ್ಜಿಗೆ ಮೊರ ಜೋಳವೇ ಕೊನೆ. ಕೈಯ ವಿದ್ಯೆಗೆ ಕಾಗದ ಬೇಕು ಅನ್ನುವ ಕಾಲ ಬಂತು. ಕಾಗದ ಇರುವವರು ಒಳಗೆ, ಇಲ್ಲದವರು ಹೊರಗೆ.

ಆ ಅಜ್ಜಿಯ ಮೊಮ್ಮಗಳು ನಮ್ಮಕ್ಕ. ಪಿ.ಯು.ಸಿ.ಯಲ್ಲಿ ಆರ್ಟ್ಸು. 2009ರಲ್ಲಿ ಜಿ.ಎನ್.ಎಂ. ಡಿಪ್ಲೊಮಾ ಸೇರಿದಳು. ಆಗ ಅದು ಮೂರೂವರೆ ವರ್ಷದ ಕೋರ್ಸು. ಈಗ ಮೂರು ವರ್ಷ ಮಾಡಿದ್ದಾರೆ. ಅವ್ವ ಅಪ್ಪ ಕಬ್ಬು ಕಡಿಯಲು ಗುಳೆ ಹೋಗಿ ತಂದ ದುಡ್ಡಿನಲ್ಲಿ ಮೊದಲ ಕಂತು ಕಟ್ಟಿದ್ದು. ಪಾಸಾಗಿ, ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ರಿಜಿಸ್ಟರ್ ಆಗಿ, ಒಂದು ನರ್ಸಿಂಗ್ ಹೋಮಿಗೆ ಸೇರಿದಳು. ಮೂವತ್ತು ಹಾಸಿಗೆಯದು. ತಿಂಗಳಿಗೆ ಆರು ಸಾವಿರ. ಸೇರುವಾಗಲೇ ಮೂಲ ಅಂಕಪಟ್ಟಿ ಇಸಿದುಕೊಂಡು ಬೀರುವಿನಲ್ಲಿ ಇಟ್ಟುಕೊಂಡರು. ಓಡಿಹೋಗಬಾರದಲ್ಲ! ಅಪ್ಪನ ಕಾಲದಲ್ಲಿ ಜೀತಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳೋರು. ಅಕ್ಕನ ಕಾಲಕ್ಕೆ ಅಂಕಪಟ್ಟಿ ಒತ್ತೆ. ಅಲ್ಲಿ ನಾಲ್ಕು ವರ್ಷ. ಆಮೇಲೆ ಇನ್ನೊಂದು ಕಡೆ ಗುತ್ತಿಗೆ ಮೇಲೆ.

2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಖಾಸಗಿ ಆಸ್ಪತ್ರೆ ನರ್ಸುಗಳ ಸಂಬಳದ ಬಗ್ಗೆ ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. 50 ಹಾಸಿಗೆಗಿಂತ ಕಮ್ಮಿ ಇರುವ ಆಸ್ಪತ್ರೆಯಲ್ಲೂ ತಿಂಗಳಿಗೆ 20,000ಕ್ಕಿಂತ ಕಮ್ಮಿ ಕೊಡಬಾರದು ಅಂತ ಆ ಸಮಿತಿ ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲಿದೆ. ಅಕ್ಕನ ಕೈಗೆ ಬಂದದ್ದು ಎಷ್ಟು ಅಂತ ನಮಗೆ ಗೊತ್ತು, ಅದನ್ನು ಉಂಡವರು ನಾವು.

ನಕ್ಕ ಮೇಲೆ ಎಂಟು ದಿನ ಬಿಟ್ಟು ನಾವೇ ಕೇಳಿದೆವು: "ಯಕ್ಕಾ, ಯಾಕ ಬೇಕು ಹೇಳು." ಆಗ ಹೇಳಿದಳು:

"ನೋಡು ತಮ್ಮಾ, ಹೊಸಾ ಹುಡುಗೀರು ಬರ್ತಾರ. ಬಿ.ಎಸ್ಸಿ. ಮಾಡಿರ್ತಾರ. ರಕ್ತನಾಳ ಹುಡುಕಿ ಸೂಜಿ ಹಾಕಾಕ ಕೈ ನಡುಗತೈತಿ. ನಾನು ಕೈ ಹಿಡದು ಕಲಿಸ್ತೀನಿ. ಎರಡು ವರ್ಷಕ್ಕ ಆಕಿ ನನಗ ಇನ್‌ಚಾರ್ಜ್ ಆಗ್ತಾಳ. ಆಕಿ ಮ್ಯಾಲ ನಂಗ ಸಿಟ್ಟಿಲ್ಲ. ಚಲೋ ಹುಡುಗಿ. ಆದ್ರ ಯಾವ ಪೇಷಂಟಿಗೆ ಏನು ಮಾಡಬೇಕಂತ ಮೀಟಿಂಗ್ ಆಗ್ತೈತಲ್ಲ, ಆಕಿ ಕುರ್ಚಿ ಮ್ಯಾಲ, ನಾನು ಬಾಗಿಲ ಹೊರಗ. ಅಜ್ಜೀನೂ ಬಾಗಿಲ ಹೊರಗ ನಿಂತಿದ್ಲು, ನಾನೂ ನಿಂತೀನಿ. ನನ್ನ ಮಗಳು ನಿಲ್ಲಬಾರದು."

ಇದು ಅಕ್ಕನ ಭಾಷಣ. ಇದಕ್ಕಿಂತ ದೊಡ್ಡ ಭಾಷಣ ನಮಗೆ ಬರುವುದಿಲ್ಲ.

ಈಗ ಒಂದಿಷ್ಟು ಚರಿತ್ರೆ ನೋಡೋಣ. ನರ್ಸಿಗೆ ಡಿಗ್ರಿ ಯಾಕೆ ಅಂತ ಕೇಳುವವರು ನಾವು ಮೊದಲಿನವರಲ್ಲ.

1946 ಅನ್ನುವ ವರ್ಷ ನೆನಪಿಡಿ. ಆ ವರ್ಷ ಭೋರ್ ಸಮಿತಿ ದೇಶದ ಆರೋಗ್ಯದ ಬಗ್ಗೆ ವರದಿ ಕೊಟ್ಟಿತು. ಇಡೀ ದೇಶದಲ್ಲಿ ಸುಮಾರು 7,000 ನರ್ಸುಗಳು, 43,000 ಜನಕ್ಕೆ ಒಬ್ಬಳು ಅಂತ ಲೆಕ್ಕ. ಅದೇ ವರ್ಷ ದೆಹಲಿಯಲ್ಲೂ ವೆಲ್ಲೂರಿನಲ್ಲೂ ಈ ದೇಶದ ಮೊದಲ ಬಿ.ಎಸ್ಸಿ. ನರ್ಸಿಂಗ್ ಶುರುವಾಯಿತು. ಅಲ್ಲಿಯ ತನಕ ನರ್ಸು ಅಂದರೆ ಹೇಳಿದ್ದು ಮಾಡುವ ಕೈ. ಡಿಗ್ರಿ ಬಂದ ಮೇಲೆ, ಈ ಕೈಗೂ ತಲೆ ಇದೆ ಅಂತ ಒಪ್ಪಿಕೊಂಡ ಹಾಗಾಯಿತು. ಆದರೆ ಆಗಲೇ ಕೆಲಸದಲ್ಲಿದ್ದ ಡಿಪ್ಲೊಮಾದವರ ಗತಿ? ಅವರಿಗಾಗಿ 1960ರ ದಶಕದಲ್ಲಿ ತಿರುವನಂತಪುರದಲ್ಲಿ ಎರಡು ವರ್ಷದ ಡಿಗ್ರಿ ಶುರುಮಾಡಿದರು. ಅದೇ ಮುಂದೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಆಯಿತು. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯ 1994ರಲ್ಲಿ, ಕೆಲಸದಲ್ಲಿರುವ ನರ್ಸುಗಳಿಗೇ ಅಂತ ಮೂರು ವರ್ಷದ ದೂರಶಿಕ್ಷಣದ ಡಿಗ್ರಿ ತಂದಿತು. ನಮ್ಮ ರಾಜ್ಯದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಬಂತು. ನರ್ಸಿಂಗ್ ಕಾಲೇಜುಗಳ ಪರೀಕ್ಷೆ ಅದರ ಕೆಳಗೆ ಬಂದವು.

ಅದೇ 1946ರ ಜೂನಿನಲ್ಲಿ ಬಾಬಾಸಾಹೇಬರು ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆಗೆದರು. ತರಗತಿ ಬೆಳಗಿನ ಹೊತ್ತು. ಯಾಕೆ? ಹಗಲು ದುಡಿಯುವ ಹುಡುಗರು ಓದಿ ಕೆಲಸಕ್ಕೆ ಹೋಗಲಿ ಅಂತ. ದುಡಿಯುವವನು ಓದಬಾರದು, ಓದುವವನು ದುಡಿಯಬಾರದು ಅನ್ನುವ ಹಳೇ ಶಾಸ್ತ್ರಕ್ಕೆ ಅವರು ಕಾಲೇಜಿನ ವೇಳಾಪಟ್ಟಿಯಲ್ಲೇ ಉತ್ತರ ಬರೆದರು.

ಅವರಿಗೆ ಇದು ಗೊತ್ತಿತ್ತು, ಯಾಕೆಂದರೆ ಅವರೇ ಅದನ್ನು ಉಂಡವರು. 1917ರಲ್ಲಿ ಬರೋಡಾ ಸ್ಕಾಲರ್‌ಶಿಪ್ಪು ಮುಗಿದು ಲಂಡನ್ನಿನ ಓದು ಅರ್ಧಕ್ಕೇ ನಿಂತಿತು. 1918ರಲ್ಲಿ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಮೇಷ್ಟ್ರಾದರು. ಸಂಬಳದಲ್ಲಿ ಉಳಿಸಿದ ದುಡ್ಡು, ಒಂದಿಷ್ಟು ಸಾಲ, ಕೊಲ್ಹಾಪುರದ ಮಹಾರಾಜರ ಸಹಾಯ, ಇಷ್ಟು ಹಿಡಿದು 1920ರಲ್ಲಿ ಮತ್ತೆ ಹೋದರು. 1923ರಲ್ಲಿ ಡಿ.ಎಸ್ಸಿ. ಆಯಿತು. ಈ ಹೊತ್ತಿನಲ್ಲಿ ಮನೆ ನಡೆಸಿದ್ದು ರಮಾಬಾಯಿ. ನಾವು ಡಿ.ಎಸ್ಸಿ.ಯನ್ನು ನೆನೆಯುತ್ತೇವೆ, ರಮಾಬಾಯಿಯ ಒಲೆಯನ್ನು ನೆನೆಯುವುದು ಕಮ್ಮಿ. ನಮ್ಮ ಮನೆಯಲ್ಲೂ ಹಂಗೇ ಆಗಿತ್ತು.

ಹೊರದೇಶದ್ದೂ ಒಂದು ಮಾತು. ಅಮೆರಿಕದಲ್ಲಿ ಮೇರಿ ಮಹೋನಿ ಅನ್ನುವ ಕರಿಯ ಹೆಣ್ಣುಮಗಳು 1879ರಲ್ಲಿ ತರಬೇತಿ ಮುಗಿಸಿ ನರ್ಸಾದಳು. ಕರಿಯರಲ್ಲಿ ತರಬೇತಿ ಪಡೆದ ಮೊದಲ ನರ್ಸು ಅವಳು. ಆಮೇಲೂ ಬಿಳಿಯರ ಸಂಘದೊಳಕ್ಕೆ ಕರಿಯ ನರ್ಸುಗಳಿಗೆ ದಾರಿ ಸಲೀಸಾಗಿರಲಿಲ್ಲ. 1908ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ರೋಗಿಯ ಮೈ ಒರೆಸಲು ಆ ಕೈ ಬೇಕು, ಸಂಘದ ರಿಜಿಸ್ಟರಿನಲ್ಲಿ ಸಹಿ ಹಾಕಲು ಬೇಡ. ಅಜ್ಜಿಯ ಕಥೆಯೇ ಅಲ್ಲವೇ ಇದು?

ಈಗ ಅಕ್ಕನ ಓದಿಗೆ ಬರೋಣ. ದೂರಶಿಕ್ಷಣದ್ದು ಅವಳಿಗೆ ಹೊಂದಲಿಲ್ಲ. ಎರಡು ವರ್ಷದ ರೆಗ್ಯುಲರ್ ಕೋರ್ಸಿಗೇ ಸೇರಿದಳು. ಗುತ್ತಿಗೆಯವಳಿಗೆ ಓದಲು ರಜೆ ಎಲ್ಲಿ? ಕೆಲಸ ಬಿಟ್ಟಳು. ಹಗಲು ಕಾಲೇಜು, ವಾರಕ್ಕೆ ಮೂರು ರಾತ್ರಿ ಒಂದು ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ. ಮಗಳು ತಂಬ್ರಹಳ್ಳಿಯಲ್ಲಿ ಅವ್ವನ ಹತ್ತಿರ. "ನಮ್ಮವ್ವ ಯಾವ ಕ್ಲಾಸು?" ಅಂತ ಕೂಸು ಕೇಳುತ್ತದೆ. ರಾತ್ರಿ ಡ್ರಿಪ್ ಬದಲಿಸಿ, ಬಿ.ಪಿ. ಬರೆದು, ಬೆಳಗ್ಗೆ ಆರಕ್ಕೆ ಮುಖ ತೊಳೆದು, ಒಂಬತ್ತಕ್ಕೆ ತರಗತಿಯಲ್ಲಿ ಕೂರುತ್ತಾಳೆ. ಕಣ್ಣು ಉರಿಯುತ್ತವೆ. ಪಕ್ಕದಲ್ಲಿ ಕೂತವರು ಅವಳಿಗಿಂತ ಹತ್ತು ವರ್ಷ ಚಿಕ್ಕವರು, "ಆಂಟಿ" ಅನ್ನುತ್ತಾರಂತೆ.

ಪುಸ್ತಕ ಎಲ್ಲ ಇಂಗ್ಲಿಷು. ಆದರೆ ವಿಷಯಗಳ ಪಟ್ಟಿ ನೋಡಿ ನಮಗೆ ಆಶ್ಚರ್ಯವಾಯಿತು. ಮೊದಲ ವರ್ಷ ಮನಶ್ಶಾಸ್ತ್ರ, ಎರಡನೇ ವರ್ಷ ಸಮಾಜಶಾಸ್ತ್ರ! ಇದು ನಮ್ಮ ಬಿ.ಎ. ಅಲ್ಲವೇ? ಮೊದಲ ಸಲ ನಮ್ಮ ಡಿಗ್ರಿ ಅಕ್ಕನಿಗೆ ಉಪಯೋಗಕ್ಕೆ ಬಂತು. ರಾತ್ರಿ ಹತ್ತರ ಮೇಲೆ, ಅವಳಿಗೆ ಡ್ಯೂಟಿ ಇಲ್ಲದ ದಿನ, ಫೋನಿನಲ್ಲಿ ಪಾಠ. ನಾವು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುವುದು, ಅವಳು ತನ್ನ ವಾರ್ಡಿನಿಂದ ಉದಾಹರಣೆ ಕೊಡುವುದು.

ಒಂದು ರಾತ್ರಿ ಒಂದು ಗೈಡು ಓದುತ್ತಿದ್ದೆವು. ಅದರಲ್ಲಿ ಪ್ರಶ್ನೆ: ಜಾತಿ ಪದ್ಧತಿಯ ಗುಣಗಳನ್ನೂ ದೋಷಗಳನ್ನೂ ಬರೆಯಿರಿ. ಗುಣಗಳು ಅಂತ ಪಟ್ಟಿಯೇ ಇದೆ. ಕೆಲಸ ಹಂಚಿಕೊಟ್ಟಿತಂತೆ, ಕಸುಬು ತಲೆತಲಾಂತರಕ್ಕೆ ಕಲಿಸಿತಂತೆ, ಸಮಾಜಕ್ಕೆ ಭದ್ರತೆ ಕೊಟ್ಟಿತಂತೆ. ನಾವು ಓದುತ್ತಾ ಓದುತ್ತಾ ನಿಲ್ಲಿಸಿದೆವು. ಆ ಕಡೆ ಅಕ್ಕ ಸುಮ್ಮನಿದ್ದಳು. ಆಮೇಲೆ ಕೇಳಿದಳು:

"ಎಷ್ಟು ಮಾರ್ಕಿಂದು ತಮ್ಮಾ?"

"ಐದು."

"ಗುಣಕ್ಕ ಎಷ್ಟು, ದೋಷಕ್ಕ ಎಷ್ಟು?"

"ಅರ್ಧರ್ಧ ಇರಬೇಕು."

"ಹಂಗಾರ ನಂಗ ಎರಡೂವರೆ ಸಾಕು. ದೋಷ ಹೇಳು, ಬರಕೋತೀನಿ. ಅಲ್ಲ, ನೀನ್ಯಾಕ ಹೇಳ್ತಿ, ಅದು ನಂಗ ಗೊತ್ತೈತಿ."

ಗೆಳೆಯರೆ, ನಾವು ಬಿ.ಎ.ಯಲ್ಲಿ ಅದೇ ಪ್ರಶ್ನೆಗೆ ಎರಡೂ ಕಡೆ ಬರೆದು ಐದಕ್ಕೆ ನಾಲ್ಕು ತಗೊಂಡವರು. ಕವಿಗಳು ಬೇರೆ! ಎರಡೂವರೆ ಅಂಕ ಬಿಡುವ ಧೈರ್ಯ ನಮಗೆ ಆ ದಿನ ಹೊಳೆಯಲೂ ಇಲ್ಲ. ಒಂದೊಂದು ಅಂಕಕ್ಕೂ ರಾತ್ರಿ ನಿದ್ದೆ ಕೊಟ್ಟವಳು ಅಷ್ಟು ಸಲೀಸಾಗಿ ಬಿಟ್ಟಳು. ಇಂಥವಳು ನಾಳೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕಡೆ ನಿಂತರೆ ಆ ಗೈಡು ಎಷ್ಟು ದಿನ ಉಳಿದೀತು? ಡಿಗ್ರಿ ಯಾಕೆ ಬೇಕು ಅಂದರೆ ಇದಕ್ಕೆ ಬೇಕು. ಡಿಪ್ಲೊಮಾದಲ್ಲೇ ನಿಂತವಳಿಗೆ ಎಂ.ಎಸ್ಸಿ. ಇಲ್ಲ. ಎಂ.ಎಸ್ಸಿ. ಇಲ್ಲದವಳು ಕಾಲೇಜಿನ ಲೆಕ್ಚರರ್ ಆಗುವುದಿಲ್ಲ. ಪಾಠ ಏನಿರಬೇಕು ಅಂತ ತೀರ್ಮಾನ ಆಗುವ ಕೋಣೆಗೆ ಹೋಗುವ ಮೆಟ್ಟಿಲು ಈ ಎರಡು ವರ್ಷದ ಬಿ.ಎಸ್ಸಿ.

ಹೊಟ್ಟೆಪಾಡಿನ ಮಾತೂ ಇದೆ. ಏಮ್ಸ್‌ನಂಥ ದೊಡ್ಡ ಆಸ್ಪತ್ರೆಗಳ ನೇಮಕಾತಿಯಲ್ಲಿ ಬಿ.ಎಸ್ಸಿ.ಯವಳು ನೇರ ಅರ್ಜಿ ಹಾಕಬಹುದು. ಡಿಪ್ಲೊಮಾದವಳು 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಪತ್ರ ತರಬೇಕು. ಅಕ್ಕ ನಾಲ್ಕು ವರ್ಷ ಸವೆಸಿದ್ದು ಮೂವತ್ತು ಹಾಸಿಗೆಯಲ್ಲಿ. ಆ ನಾಲ್ಕು ವರ್ಷ ಅಲ್ಲಿ ಲೆಕ್ಕಕ್ಕೇ ಇಲ್ಲ. ಇನ್ನೊಂದು, 2018ರಿಂದ ಹಳ್ಳಿಯ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರ ಮಾಡುತ್ತಾ ಬಂದರು. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅನ್ನುವ ಹುದ್ದೆ ಇದೆ. ಬಿ.ಎಸ್ಸಿ. ನರ್ಸಿಂಗ್ ಮಾಡಿದವರು ಅದಕ್ಕೆ ಬರುತ್ತಾರೆ. ಹಿನ್ನೀರಿನ ದಂಡೆಯ ಯಾವುದೋ ಹಳ್ಳಿಯಲ್ಲಿ, ಲಾಟೀನು ಹಿಡಿದ ಆಳು ಕರೆಯದೆ, ತನ್ನ ಕುರ್ಚಿಯಲ್ಲಿ ಕೂತು ಬಸುರಿ ಹೆಂಗಸಿನ ಬಿ.ಪಿ. ನೋಡುವ ಅಜ್ಜಿಯ ಮೊಮ್ಮಗಳು! ಇದು ನಮ್ಮ ಕವಿತೆಗಿಂತ ಚೆನ್ನಾಗಿದೆ.

ಇನ್ನು ಕೆಲಸದ ಮಾತು. ಬರೆದುಕೊಳ್ಳಿ.

ಒಂದು: ಕಾಗದ. ಜಿ.ಎನ್.ಎಂ. ಅಂಕಪಟ್ಟಿ, ಪಿ.ಯು.ಸಿ. ಅಂಕಪಟ್ಟಿ, ಕೌನ್ಸಿಲಿನ ರಿಜಿಸ್ಟ್ರೇಷನ್ನು, ಜಾತಿ ಪತ್ರ, ಆದಾಯ ಪತ್ರ. ಅಂಕಪಟ್ಟಿ ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಆಸ್ಪತ್ರೆಗೂ ಇಲ್ಲ. ಅಕ್ಕನದನ್ನು ಬಿಡಿಸಿಕೊಳ್ಳಲು ನಾವಿಬ್ಬರೂ ಮೂರು ಸಲ ಹೋದೆವು. ಮೂರನೇ ಸಲ ಅರ್ಜಿ ಬರೆದುಕೊಂಡು, ಸ್ವೀಕೃತಿಗೆ ಸೀಲು ಹಾಕಿ ಅಂದಾಗ ಕೊಟ್ಟರು. ಅವಳು ಒಬ್ಬಳೇ ನಾಲ್ಕು ವರ್ಷ ಕೇಳಿದ್ದಳು. ಬಿ.ಎ. ಓದಿದವರಿಗೆ ಅರ್ಜಿ ಬರೆಯಲು ಬರುತ್ತದಲ್ಲ, ಅದನ್ನಾದರೂ ಮಾಡಿ.

ಎರಡು: 371 ಜೆ. 2012ರಲ್ಲಿ ಪಾರ್ಲಿಮೆಂಟು ಒಪ್ಪಿದ 98ನೇ ತಿದ್ದುಪಡಿ. ಬಳ್ಳಾರಿಯೂ ಸೇರಿ ಆರು ಜಿಲ್ಲೆಗೆ ಇದು ಸಿಕ್ಕಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆದರೂ ನಮ್ಮ ಹಕ್ಕು ಹೋಗಿಲ್ಲ. 1997ರಲ್ಲಿ ದಾವಣಗೆರೆಗೆ ಹೋಗಿದ್ದ ಹರಪನಹಳ್ಳಿಯವರಿಗೆ 2018ರಲ್ಲಿ ಬಳ್ಳಾರಿಗೆ ವಾಪಸು ಬಂದ ಮೇಲೆ ಸಿಕ್ಕಿತು. ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ಗ್ರೂಪ್ ಸಿ ಹುದ್ದೆಯಲ್ಲಿ ನೂರಕ್ಕೆ 80 ನಮ್ಮವರಿಗೆ. ನಮ್ಮ ಪರಿಶಿಷ್ಟರ ಮೀಸಲಾತಿ ಅದರ ಒಳಗೇ ಇರುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯವರೂ ಅರ್ಹತಾ ಪತ್ರ ಮಾಡಿಸಿ ಇಟ್ಟುಕೊಳ್ಳಿ.

ಮೂರು: ಸ್ಕಾಲರ್‌ಶಿಪ್ಪು. ದುಡಿಯುವವರಿಗೆ ಅದು ಇಲ್ಲ ಅಂತ ಹೇಳಿ ಅಟ್ಟಿಬಿಡುತ್ತಾರೆ. ಕೋರ್ಸು ಮುಗಿಯುವ ತನಕ ಸಂಬಳವಿಲ್ಲದ ರಜೆ ಹಾಕಿ ಪೂರ್ಣ ಹೊತ್ತು ಓದುವ ಪರಿಶಿಷ್ಟ ಜಾತಿಯವರು ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಬಹುದು ಅಂತ ಕೇಂದ್ರದ ನಿಯಮದಲ್ಲೇ ಅವಕಾಶ ಇಟ್ಟಿದ್ದಾರೆ. ಆದಾಯದ ಮಿತಿ ನೋಡಿಕೊಂಡು ಹಾಕಿ. ಆದರೆ ಅಕ್ಕನಂಥ ಗುತ್ತಿಗೆಯವರಿಗೆ ರಜೆಯೇ ಇಲ್ಲದ ಮೇಲೆ ಈ ನಿಯಮ ಯಾರಿಗೆ? ಇದನ್ನು ಅರ್ಜಿಯಲ್ಲೂ ಕೇಳಬೇಕು, ಬೀದಿಯಲ್ಲೂ ಕೇಳಬೇಕು.

ನಾಲ್ಕು: ದುಡ್ಡು. ಇದು ಗಂಡುಹುಡುಗರಿಗೆ. ನಾವಿಬ್ಬರೂ ಈಗ ಅತಿಥಿ ಮೇಷ್ಟ್ರುಗಿರಿ, ಪ್ರೂಫು ತಿದ್ದುವುದು, ಅದು ಇದು ಮಾಡಿ ತಿಂಗಳಿಗೆ ಒಂದಿಷ್ಟು ಅಕ್ಕನಿಗೆ ಕಳಿಸುತ್ತೇವೆ. ಮೊದಲ ಸಲ ಕಳಿಸಿದಾಗ ಅಕ್ಕ ಫೋನು ಮಾಡಿ, "ಇದು ಎಲ್ಲೀ ದುಡ್ಡು? ನಿಮ್ಮ ಖರ್ಚಿಗೆ ಐತಾ?" ಅಂದಳು. ಹತ್ತು ವರ್ಷ ಅವಳು ಕಳಿಸಿದಾಗ ನಾವು ಒಂದು ದಿನವೂ ಆ ಪ್ರಶ್ನೆ ಕೇಳಿರಲಿಲ್ಲ.

ಇಷ್ಟು ಹೇಳಿ ಎಲ್ಲ ಗೆದ್ದೆವು ಅಂತ ಕೂರುವಂತಿಲ್ಲ. ಅಕ್ಕ ಇನ್ನೂ ಪಾಸಾಗಿಲ್ಲ. ಮೊದಲ ವರ್ಷದ್ದು ಒಂದು ಪೇಪರು ಉಳಿಸಿಕೊಂಡಿದ್ದಾಳೆ. ಬಯೋಕೆಮಿಸ್ಟ್ರಿ. ಪಿ.ಯು.ಸಿ. ಆರ್ಟ್ಸಿನವಳಿಗೆ ಅದು ಕಬ್ಬಿಣದ ಕಡಲೆ. ಫೇಲಾದ ದಿನ ನಮಗೆ ಹೇಳಲೇ ಇಲ್ಲ. ಅವ್ವನಿಗೆ ಹೇಳಿ ಅತ್ತಳಂತೆ. ನಾವು ನಗುತ್ತೇವೆ ಅಂತ ಹೆದರಿದ್ದಳಂತೆ. ಕೇಳಿಸಿಕೊಂಡಿರಾ? ಸಾವು ನೋವು ನೋಡಿ ಹೆದರದ ಹೆಣ್ಣುಮಗಳು ತಮ್ಮಂದಿರ ನಗೆಗೆ ಹೆದರಿದ್ದಳು.

ಸಮಾಜಶಾಸ್ತ್ರ ನಾವು ಹೇಳಿಕೊಟ್ಟೆವು. ಬಯೋಕೆಮಿಸ್ಟ್ರಿ ನಮಗೆ ಬರುವುದಿಲ್ಲ. ಅದಕ್ಕೇ ಮುಖ್ಯವಾಗಿ ಇಲ್ಲಿಗೆ ಬಂದದ್ದು. ಈ ಹಾಸ್ಟೆಲಿನಲ್ಲಿ, ಹಗರಿಬೊಮ್ಮನಹಳ್ಳಿಯ ಹಾಸ್ಟೆಲುಗಳಲ್ಲಿ, ಬಿ.ಎಸ್ಸಿ. ಕೆಮಿಸ್ಟ್ರಿ ಓದುವವರು ಇದ್ದೀರಿ. ವಾರಕ್ಕೆ ಎರಡು ರಾತ್ರಿ, ಒಂದೊಂದು ಗಂಟೆ, ಫೋನಿನಲ್ಲಿ, ಕನ್ನಡದಲ್ಲಿ ಹೇಳಿಕೊಡಬೇಕು. ಅಕ್ಕನಿಗೆ ಮಾತ್ರ ಅಲ್ಲ. ಅವಳ ಹಾಗೇ ಇನ್ನೂ ನಾಲ್ಕು ಜನ ನರ್ಸುಗಳು ಆ ಪೇಪರು ಉಳಿಸಿಕೊಂಡಿದ್ದಾರೆ. ದುಡ್ಡು ಕೊಡಲು ನಮ್ಮಲ್ಲಿ ಇಲ್ಲ. ಅಕ್ಕ ಊರಿಗೆ ಬಂದಾಗ ಜೋಳದ ರೊಟ್ಟಿ, ಶೇಂಗಾ ಚಟ್ನಿ ಖಂಡಿತ ಇರುತ್ತದೆ.

ಚಪ್ಪಾಳೆ ಬೇಡ. ಸೈನ್ಸಿನವರು ಯಾರ‍್ಯಾರಿದ್ದೀರಿ, ಕೈ ಎತ್ತಿ.